ಅರಸೀಕೆರೆಯಲ್ಲಿ ಹತ್ತಿದರೆ ಹಳೇಬೀಡಿನಲ್ಲಿ ಓಡುತ್ತಿತ್ತು

ಕಂಪ್ಯೂಟರ್ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನನ್ನು ಕಂಡರೆ ಮೊದಲು ಕೇಳುವುದು, "ಮೇಡಂ, ನೀವು ಯಾವ ಯಾವ ಭಾಷೆಯಲ್ಲಿ ಕೋಡ್ ಬರೆದಿದ್ದೀರಿ?" ಎಂದು. ನಾನು ಹೇಳುತ್ತೇನೆ. ಅವುಗಳಲ್ಲಿ ಅರ್ಧದಷ್ಟು ಅವರು ಕೇಳಿಯೇ ಇರುವುದಿಲ್ಲ. ಪಾಪ, ಮುಖ ಸಪ್ಪಗಾಗುತ್ತದೆ. ಅವರು ಕೇಳಬೇಕಾದದ್ದು ಬೇರೆ: ನಿಮ್ಮ ಪ್ರೋಗ್ರಾಂ ನಿಂತುಹೋದಾಗ ಯಾರು ಎದ್ದು ಓಡಾಡಬೇಕಾಯಿತು? ಈ ಪ್ರಶ್ನೆಗೆ ನನ್ನ ಹತ್ತಿರ ಒಳ್ಳೆಯ ಉತ್ತರವಿದೆ. ಕಣಕಟ್ಟೆಯ ತಮ್ಮಣ್ಣ. ಓಡಾಡಿದ್ದು ಅಂತಲ್ಲ, ಹತ್ತಿ ಇಳಿದದ್ದು.

ನಾನು ದುಡಿದದ್ದು ಅರಸೀಕೆರೆಯಲ್ಲಿದ್ದ ತೆಂಗು ಬೆಳೆಗಾರರ ಒಂದು ಸಂಘದಲ್ಲಿ. ಹೆಸರು ಬೇಡ. ಕಚೇರಿ, ಕೊಬ್ಬರಿ ಯಾರ್ಡು, ಎರಡು ಕೌಂಟರು ಅರಸೀಕೆರೆಯಲ್ಲಿ. ಒಂದು ಶಾಖೆ ಬೇಲೂರಿನಲ್ಲಿ, ಇನ್ನೊಂದು ಹಳೇಬೀಡಿನಲ್ಲಿ. ಕಂಪ್ಯೂಟರ್ ವಿಭಾಗ ಎಂದರೆ ನಾನು. ಸೇವೆಯ ಉದ್ದಕ್ಕೂ ನನ್ನ ಹುದ್ದೆಯ ಹೆಸರು ಆಗಾಗ ಬದಲಾಯಿತು, ಕುರ್ಚಿ ಬದಲಾಗಲಿಲ್ಲ. ಬಡ್ತಿಯ ವಿಚಾರ ಇಷ್ಟೇ ಸಾಕು.

ಒಂದು ಎಚ್ಚರಿಕೆ. ಈ ಪ್ರಸಂಗವನ್ನು ನಾನು ನೆಂಟರ ಮನೆಯಲ್ಲಿ, ಬಸ್ಸಿನಲ್ಲಿ, ಒಂದು ಬೀಳ್ಕೊಡುಗೆ ಸಮಾರಂಭದ ಮೈಕಿನಲ್ಲಿ ಹೇಳಿ ಹೇಳಿ ಅದು ನುಣುಪಾಗಿಬಿಟ್ಟಿದೆ. ನುಣುಪಾದ ಕಡೆ ಕಾಲಿಡುವಾಗ ಹುಷಾರಾಗಿರಿ. ನನಗೇ ಅನುಮಾನ ಬಂದಲ್ಲಿ ನಿಲ್ಲಿಸಿ ಹೇಳುತ್ತೇನೆ.

ತೊಂದರೆ ಏನೆಂದರೆ, ನಮ್ಮ ಸಾಫ್ಟ್‌ವೇರ್ ಜನ ಕಿಕ್ಕಿರಿದ ದಿನ ಕುದುರೆಯ ಹಾಗೆ ಓಡುತ್ತಿತ್ತು. ಯಾರೂ ಇಲ್ಲದ ದಿನ ನಿಂತುಬಿಡುತ್ತಿತ್ತು. ಲೋಕದ ಯಂತ್ರಗಳೆಲ್ಲ ಭಾರ ಹೆಚ್ಚಾದರೆ ಕುಸಿಯುತ್ತವೆ. ನಮ್ಮದು ಭಾರ ಇಲ್ಲದಿದ್ದರೆ ಕುಸಿಯುತ್ತಿತ್ತು. ಹರಾಜಿನ ದಿನ ಯಾರ್ಡಿನ ತುಂಬ ಚೀಲ, ಹಮಾಲಿಗಳ ಕೂಗು, ವರ್ತಕರ ಜಗಳ. ಬಿಲ್ಲುಗಳು ಪಟಪಟ ಬರುತ್ತಿದ್ದವು. ಮರುದಿನ ಯಾರ್ಡು ಖಾಲಿ. ಬೇಲೂರಿನಲ್ಲೂ ಹಳೇಬೀಡಿನಲ್ಲೂ ಪರದೆಯ ಮೇಲೆ "ದಯವಿಟ್ಟು ಕಾಯಿರಿ" ಎಂದು ಬಂದು, ರೈತರು ನಿಜಕ್ಕೂ ದಯವಿಟ್ಟು ಕಾಯುತ್ತಿದ್ದರು.

ನಮ್ಮ ಸೆಕ್ರೆಟರಿ ಷಡಕ್ಷರಪ್ಪನವರು ಕೊಬ್ಬರಿ ವರ್ತಕರ ಮನೆತನದವರು. ಕೊಬ್ಬರಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಹೇಗಿದೆ ಎಂದು ಹೇಳಬಲ್ಲವರು. ಒಂದು ದಿನ ಕಂಪ್ಯೂಟರಿಗೂ ಕಿವಿಗೊಟ್ಟು ಕೇಳಿದರು.

"ಒಳಗೆ ಗಾಳಿ ಆಡ್ತಿದೆ ಕಣ್ರೀ. ಆದ್ರೆ ಕೆಲಸ ಆಡ್ತಿಲ್ಲ."

ಮೊದಲು ಯಂತ್ರವನ್ನು ಪೂರ್ವಕ್ಕೆ ತಿರುಗಿಸಿದರು. ಆಮೇಲೆ ಒಂದು ಕಾಯಿ ಒಡೆಸಿದರು. ನೀರು ಕೀಬೋರ್ಡಿಗೆ ಸಿಡಿದು ಒಂದು ಅಕ್ಷರ ಕೆಲಸ ಬಿಟ್ಟಿತು. ಆಮೇಲೆ ನನ್ನ ಮಾತು ಕೇಳದೆ, ಒಟ್ಟಿಗೇ ಲೆಕ್ಕ ಮಾಡುವ ಎಂಟು ಕೋರ್ ಇರುವ ಹೊಸ ಸರ್ವರ್ ತರಿಸಿದರು. "ಎಂಟು ತಲೆ ಇದ್ದಾವೆ, ಒಂದಾದ್ರೂ ಯೋಚನೆ ಮಾಡುತ್ತೆ ಬಿಡಿ" ಅಂದರು. ಹೊಸ ಯಂತ್ರ ಬಂತು. ಹಿಂದೆ ಒಂದು ತಲೆ ಕಾಯುತ್ತಿತ್ತು, ಈಗ ಎಂಟು ತಲೆಗಳು ಕಾಯತೊಡಗಿದವು.

ಇಲ್ಲಿ ಸ್ವಲ್ಪ ಒಳಗಿನ ವಿಚಾರ ಹೇಳಬೇಕು. ಹೊಸಬರು ಓದಲೇಬೇಕಾದ ಭಾಗ ಇದು, ಉಳಿದದ್ದು ಮಜಾ.

ನಾವು ಬರೆಯುವ ಪ್ರೋಗ್ರಾಂ ನೇರವಾಗಿ ಯಂತ್ರಕ್ಕೆ ತಿಳಿಯುವುದಿಲ್ಲ. ನಮ್ಮ ಭಾಷೆಯಲ್ಲಿ ಅದು ಮೊದಲು ಬೈಟ್‌ಕೋಡ್ ಎಂಬ ಚಿಕ್ಕ ಚಿಕ್ಕ ಆಜ್ಞೆಗಳಾಗುತ್ತದೆ: ಇದನ್ನು ತೆಗೆದುಕೋ, ಅದಕ್ಕೆ ಕೂಡಿಸು, ಅಲ್ಲಿಡು. ಆ ಆಜ್ಞೆಗಳನ್ನು ಒಂದೊಂದಾಗಿ ಓದಿ ನಡೆಸುವ ಇನ್ನೊಂದು ಪ್ರೋಗ್ರಾಂಗೆ ವರ್ಚುವಲ್ ಮಷೀನ್ ಎನ್ನುತ್ತಾರೆ. ನಮ್ಮಲ್ಲಿ ಪ್ರತಿ ಕೌಂಟರಿಗೂ ಒಂದು ಥ್ರೆಡ್, ಅಂದರೆ ಪ್ರೋಗ್ರಾಮಿನೊಳಗೆ ಬೇರೆಯಾಗಿ ನಡೆಯುವ ಒಂದು ಕೆಲಸದ ಎಳೆ, ಇತ್ತು: ಅರಸೀಕೆರೆಯ ಎರಡು, ಬೇಲೂರಿನದೊಂದು, ಹಳೇಬೀಡಿನದೊಂದು, ಯಾರ್ಡಿನ ತೂಕದ ಯಂತ್ರಕ್ಕೊಂದು. ಇವು ವರ್ಚುವಲ್ ಮಷೀನ್ ಕಲ್ಪಿಸಿಕೊಂಡ ಥ್ರೆಡ್‌ಗಳಲ್ಲ. ಆಪರೇಟಿಂಗ್ ಸಿಸ್ಟಮ್ ತಾನೇ ಹುಟ್ಟಿಸಿ, ತಾನೇ ಸರದಿ ಕೊಡುವ ನಿಜವಾದ ಥ್ರೆಡ್‌ಗಳು. ಕೋರುಗಳು ಎಂಟಿದ್ದರೆ ಎಂಟು ಥ್ರೆಡ್ ಒಟ್ಟಿಗೆ ಓಡಬಲ್ಲವು. ಹಾಗಿದ್ದರೆ ನಮ್ಮವು ಯಾಕೆ ಓಡಲಿಲ್ಲ?

ಮದುವೆ ಮನೆಯ ಅಡಿಗೆ ನೆನೆಸಿಕೊಳ್ಳಿ. ಐದು ಜನ ಗಟ್ಟಿಗಿತ್ತಿಯರು, ಎಲ್ಲರಿಗೂ ಎರಡೆರಡು ಕೈ, ಎಲ್ಲರ ಹತ್ತಿರವೂ ತೆಂಗಿನಕಾಯಿ ಹೋಳು. ತುರಿಮಣೆ ಮಾತ್ರ ಒಂದೇ. ಅದರ ಮೇಲೆ ಕೂತವಳು ತುರಿಯಬೇಕು, ಸ್ವಲ್ಪ ಹೊತ್ತಿಗೆ ಎದ್ದು ಇನ್ನೊಬ್ಬಳಿಗೆ ಬಿಡಬೇಕು. ನಮ್ಮ ವರ್ಚುವಲ್ ಮಷೀನಿನ ಬೀಗ ಅಂಥದ್ದು. ಥ್ರೆಡ್ ಎಷ್ಟೇ ಇರಲಿ, ಬೀಗ ಯಾವುದರ ಕೈಯಲ್ಲಿದೆಯೋ ಅದು ಮಾತ್ರ ಬೈಟ್‌ಕೋಡ್ ನಡೆಸಬೇಕು, ಉಳಿದವು ಕಾಯಬೇಕು. ಸರದಿ ಬೇಗ ಬೇಗ ಬದಲಾಗುವುದರಿಂದ ಎಲ್ಲರೂ ಒಟ್ಟಿಗೇ ತುರಿಯುತ್ತಿರುವಂತೆ ಕಾಣುತ್ತದೆ. ಒಂದೇ ನಿಯಮ: ಹೊರಗಿನಿಂದ ಏನಾದರೂ ಬರಲಿ ಎಂದು ಕಾಯುವವಳು ಮೊದಲು ಮಣೆ ಬಿಟ್ಟು ಏಳಬೇಕು. ತೋಟದಿಂದ ಕಾಯಿ ಬರುವವರೆಗೆ ತುರಿಮಣೆಯ ಮೇಲೇ ಕೂತಿರುತ್ತೇನೆ ಎಂದರೆ ಮದುವೆ ಊಟ ಆಯಿತು ಅನ್ನಿ.

ನಮ್ಮ ತೂಕದ ಯಂತ್ರ ಮಾಡಿದ್ದು ಅದನ್ನೇ. ಅದರ ಜೊತೆ ಕಂಪನಿಯವರು ತಮ್ಮದೇ ಒಂದು ಕೋಡ್ ಕೊಟ್ಟಿದ್ದರು. ಅದು ಬೈಟ್‌ಕೋಡ್ ಅಲ್ಲ, ನೇರವಾಗಿ ಯಂತ್ರದ ಭಾಷೆಯದು. ತೂಕ ಬದಲಾಗುವವರೆಗೆ ಕಾದು, ಬದಲಾದಾಗ ಹೇಳುವುದು ಅದರ ಕೆಲಸ. ಕಾಯುತ್ತಿತ್ತು, ಸರಿ. ಬೀಗ ಹಿಡಿದುಕೊಂಡೇ ಕಾಯುತ್ತಿತ್ತು. ಯಾರ್ಡಿನಲ್ಲಿ ಚೀಲ ಏರಿ ಇಳಿದರೆ ಅದು ಒಂದು ಗಳಿಗೆ ಬೀಗ ಬಿಡುತ್ತಿತ್ತು, ಅಷ್ಟರಲ್ಲಿ ಬೇಲೂರು ಹಳೇಬೀಡು ತಮ್ಮ ಒಂದೊಂದು ಬಿಲ್ಲು ಮುಗಿಸಿಕೊಳ್ಳುತ್ತಿದ್ದವು. ಆಮೇಲೆ ಮತ್ತೆ ಹಿಡಿದು ಕೂರುತ್ತಿತ್ತು.

ಇದನ್ನು ನಾನು ಕೋಡ್ ಓದಿ ಕಂಡುಹಿಡಿದೆ ಎಂದು ಬೀಳ್ಕೊಡುಗೆಯ ಮೈಕಿನಲ್ಲಿ ಹೇಳಿದ್ದೇನೆ. ಅಲ್ಲ. ಕಿಟಕಿಯಿಂದ ನೋಡಿ ಕಂಡುಹಿಡಿದೆ.

ತಮ್ಮಣ್ಣ ನಮ್ಮ ಯಾರ್ಡಿನ ಹಳೆಯ ಹಮಾಲಿ. ಚೀಲ ಹೊರುವಾಗ ಒಮ್ಮೆ ಭುಜ ಜಾರಿ, ಆಮೇಲೆ ಭಾರ ಎತ್ತಲು ಆಗದೆ ಕೆಲಸ ತಪ್ಪಿತ್ತು. ಆದರೂ ದಿನಾ ಬೆಳಿಗ್ಗೆ ಬಸ್ಸಿಗೆ ಬರುತ್ತಿದ್ದರು. "ಯಾಕೆ ಬರ್ತೀರಿ ತಮ್ಮಣ್ಣ, ಮನೇಲಿ ಆರಾಮಾಗಿರಬಾರದಾ?" ಎಂದರೆ, "ಮನೇಲಿ ಕುಂತ್ರೆ ಪುಟ್ಟಮ್ಮ ನನ್ನೂ ಒಂದು ಮಡಕೆ ಅನ್ಕಂಡು ಮೂಲೆಗೆ ಸರ್ಸ್‌ಬಿಡ್ತಾಳೆ ಕಣಮ್ಮ" ಎನ್ನುತ್ತಿದ್ದರು. ಪುಟ್ಟಮ್ಮ ಅವರ ಹೆಂಡತಿ.

ಆ ದಿನ ಯಾರ್ಡು ಖಾಲಿ. ಹಳೇಬೀಡು ಶಾಖೆಯ ಪದ್ಮರಾಜ ಫೋನಿನಲ್ಲಿದ್ದರು. ಬಸ್ತಿಹಳ್ಳಿಯವರು, ಬಹಳ ಮರ್ಯಾದಸ್ತರು. ಸಿಟ್ಟು ಬಂದರೆ ಇನ್ನಷ್ಟು ಮರ್ಯಾದೆ ಕೊಡುತ್ತಿದ್ದರು.

"ತಾವು ದಯಮಾಡಿ ಏನಾದರೂ ಮಾಡಬೇಕು ಮೇಡಂ. ಇಲ್ಲಿ ಜನ ನನ್ನನ್ನು ಬಯ್ಯುತ್ತಿದ್ದಾರೆ. ಹಾಂ, ಬಂತು. ಒಂದು ಬಿಲ್ ಆಯಿತು. ಹೋಯಿತು. ಮತ್ತೆ ಬಂತು. ತಾವು ಏನು ಮಾಡಿದಿರಿ?"

"ನಾನೇನೂ ಮಾಡಿಲ್ಲ."

"ಅದನ್ನೇ ಮಾಡುತ್ತಿರಿ."

ಕಿಟಕಿಯಾಚೆ ತಮ್ಮಣ್ಣ ತಮ್ಮನ್ನೇ ತೂಗಿಕೊಳ್ಳುತ್ತಿದ್ದರು. ಚಪ್ಪಲಿ ಹಾಕಿಕೊಂಡು ತೂಕದ ಯಂತ್ರದ ಹಲಗೆ ಹತ್ತಿದರು. ಇಳಿದು ಚಪ್ಪಲಿ ಬಿಟ್ಟು ಹತ್ತಿದರು. ಇಳಿದು ಹೆಗಲ ಟವಲು ತೆಗೆದಿಟ್ಟು ಹತ್ತಿದರು. ಪ್ರತಿ ಸಲವೂ ಫೋನಿನಲ್ಲಿ ಪದ್ಮರಾಜ "ಬಂತು" ಎನ್ನುತ್ತಿದ್ದರು.

"ತಮ್ಮಣ್ಣಾ! ಇನ್ನೊಂದು ಸಲ ಹತ್ತಿ!"

ಅವರು ಗಾಬರಿಯಾದರು. "ಯಾಕಮ್ಮ? ನಾನೇನೂ ಮುಟ್ಲಿಲ್ಲ. ಈ ಮಿಶಿನ್ನು ಸುಳ್ಳು ಯೋಳ್ತೈತಾ ಅಂತ ನೋಡ್ತಿದ್ದೆ."

"ಹತ್ತಿ ಅಂದೆ!"

ಹತ್ತಿದರು. "ಬಂತು" ಅಂದಿತು ಹಳೇಬೀಡು.

"ಇಳೀರಿ!"

ಇಳಿದರು. "ಇನ್ನೊಂದು ಬಂತು. ತಾವು ದೇವರು" ಅಂದಿತು ಹಳೇಬೀಡು.

ಕೋಡ್ ಓದಿದ್ದು ಆಮೇಲೆ. ಓದಿ ಸೆಕ್ರೆಟರಿಯವರ ಹತ್ತಿರ ಹೋದೆ. "ಸಾರ್, ಕಂಪನಿಯ ಕೋಡ್ ಮುಟ್ಟೋದೂ ಬೇಡ. ಅದನ್ನ ಕರೆಯೋಕೆ ಮುಂಚೆ ಬೀಗ ಬಿಡು, ಕರೆದ ಮೇಲೆ ಮತ್ತೆ ಹಿಡಿ, ಇಷ್ಟು. ನಮ್ಮ ಕಡೆ ಎರಡು ಸಾಲು ಬರೆದರೆ ಮುಗೀತು."

ಷಡಕ್ಷರಪ್ಪನವರು ಎರಡು ಬೆರಳು ಎತ್ತಿ ತೋರಿಸಿದರು. "ಎರಡು ಸಾಲು?"

"ಎರಡೇ."

"ಅಲ್ಲಾ ರೀ, ಇಷ್ಟು ಕಾಲ ನಿಂತಿದ್ದ ಯಂತ್ರ ಎರಡು ಸಾಲಿಗೆ ಸರಿ ಹೋಯ್ತು ಅಂತ ನಾನು ಕಮಿಟಿಗೆ ಹೇಳಿದ್ರೆ, ಎಂಟು ತಲೆ ಯಂತ್ರ ಯಾಕೆ ತಂದೆ ಅಂತ ಕೇಳಲ್ವಾ? ತೊಂದರೆ ದೊಡ್ಡದಿದ್ದಾಗ ಪರಿಹಾರನೂ ದೊಡ್ಡದಾಗೇ ಕಾಣ್ಬೇಕು. ಒಬ್ಬ ಮನುಷ್ಯನ್ನ ನೇಮಿಸಿದೀವಿ ಅಂದ್ರೆ ಎಲ್ರಿಗೂ ಅರ್ಥ ಆಗುತ್ತೆ. ಎರಡು ಸಾಲು ಯಾರಿಗೆ ಅರ್ಥ ಆಗುತ್ತೆ?"

ನಾನು ಮೇಜು ಗುದ್ದಿ ವಾದ ಮಾಡಿದೆ ಎಂದು ಹೇಳಿಕೊಳ್ಳಲು ಇಷ್ಟ. ಆದರೆ ಆ ಹೊತ್ತಿಗೆ ಕಿಟಕಿಯಾಚೆ ತಮ್ಮಣ್ಣ ಹತ್ತುತ್ತಲೇ ಇದ್ದರು. ಇಳಿಯಿರಿ ಸಾಕು ಎಂದು ನಾನು ಹೇಳುವುದನ್ನು ಮರೆತಿದ್ದೆ. ಭುಜ ಜಾರಿದ ಮೇಲೆ ಅವರ ಮುಖದಲ್ಲಿ ಅಷ್ಟು ಗೆಲುವನ್ನು ನಾನು ಕಂಡಿರಲಿಲ್ಲ. ಎರಡು ಸಾಲು ನನ್ನ ತಲೆಯಲ್ಲೇ ಉಳಿದವು.

ಹೀಗೆ ತಮ್ಮಣ್ಣನಿಗೆ ಮತ್ತೆ ಯಾರ್ಡಿನಲ್ಲಿ ಕೆಲಸವಾಯಿತು. ಹುದ್ದೆಗೆ ಹೆಸರೇನಿಡಬೇಕೆಂದು ಕಮಿಟಿ ಬಿಸಿಯಾಗಿ ಚರ್ಚಿಸಿತು. "ತೂಕ ಸಹಾಯಕ" ಎಂದರೆ ಯಾರಿಗೆ ಸಹಾಯ ಎಂದು ಒಬ್ಬರು ಕೇಳಿದರು. ಕೊನೆಗೆ "ಯಂತ್ರ ಚಾಲಕ" ಎಂದಾಯಿತು. "ಡ್ರೈವರ್ ಅಂದ್ಮ್ಯಾಕೆ ಖಾಕಿ ಕೊಡ್ಬೇಕಲ್ವಾ?" ಎಂದು ತಮ್ಮಣ್ಣ ಕೇಳಿದರು. ನನ್ನ ನೆನಪಿನಲ್ಲಿ ಅವರು ಯಾವಾಗಲೂ ಖಾಕಿ ಷರ್ಟಿನಲ್ಲೇ ಹತ್ತಿ ಇಳಿಯುತ್ತಾರೆ. ಆದರೆ ಸಂಘ ಖಾಕಿ ಕೊಟ್ಟಿತ್ತು ಎಂದು ಬೇರೆ ಯಾರಿಗೂ ನೆನಪಿಲ್ಲ. ಪದ್ಮರಾಜರನ್ನು ಮೊನ್ನೆ ಕೇಳಿದೆ. "ನಾನು ಅವರ ಕಾಲನ್ನು ಮಾತ್ರ ಬಲ್ಲೆ" ಅಂದರು.

ಒಬ್ಬ ಮನುಷ್ಯನ ಕಾಲಿನ ಮೇಲೆ ಮೂರು ಊರು ನಡೆಯತೊಡಗಿದವು. ತಮ್ಮಣ್ಣ ಟೀಗೆ ಹೋದರೆ ಬೇಲೂರಿನಲ್ಲಿ ಬಿಲ್ಲು ನಿಲ್ಲುತ್ತಿತ್ತು. ಅವರು ಊಟಕ್ಕೆ ಕೂತಾಗಲೇ ಮೂರೂ ಕಡೆ ಊಟ. ಅವರಿಗೆ ಶೀತವಾದ ವಾರ ಬೇಲೂರಿನ ಗುಮಾಸ್ತೆ "ನೆಟ್‌ವರ್ಕ್ ನಿಧಾನ" ಎಂದು ದೂರು ಕೊಟ್ಟರು. ತಮ್ಮಣ್ಣ ಈ ಕೆಲಸವನ್ನು ಆಟವೆಂದುಕೊಳ್ಳಲಿಲ್ಲ. ಬಲಗಾಲು ಮೊದಲಿಟ್ಟು ಹತ್ತಿದರೆ ಬೇಲೂರು, ಎಡಗಾಲಿಟ್ಟರೆ ಹಳೇಬೀಡು ಓಡುತ್ತದೆ ಎಂದು ಅವರು ಕಂಡುಕೊಂಡಿದ್ದರು.

"ಹಾಗಿಲ್ಲ ತಮ್ಮಣ್ಣ" ಎಂದೆ. "ಬೀಗ ಬಿಟ್ಟಾಗ ಯಾವ ಥ್ರೆಡ್ ಮೊದಲು ಓಡಬೇಕು ಅನ್ನೋದು ಆಪರೇಟಿಂಗ್ ಸಿಸ್ಟಮ್ ಕೈಲಿದೆ. ಅದಕ್ಕೆ ನಿಮ್ಮ ಕಾಲು ಗೊತ್ತಿಲ್ಲ."

"ಅದು ಎಲ್ಲೈತೆ? ನಮ್ಮ ಯಾರ್ಡಿಗೆ ಯಾವತ್ತಾದ್ರೂ ಬಂದೈತಾ?"

"ಒಳಗಿದೆ. ಕಾಣಲ್ಲ."

"ಕಾಣ್ದಿರೋರು ಯೋಳಿದ್ ಮಾತು ನಂಬ್ತೀರ. ಕಣ್ಮುಂದೆ ಹತ್ತೋನ್ ಮಾತು ನಂಬಕಿಲ್ಲ. ಓದ್ದೋರೇ ಇಂಗೆ."

ವಿಷಯ ಬೇಲೂರಿಗೆ ಹೇಗೆ ತಲುಪಿತೋ, ಒಂದು ದಿನ ಬಸ್ಸಿನ ಕಂಡಕ್ಟರ್ ಹಗರೆಯ ಪೇಡಾದ ಪೊಟ್ಟಣ ತಂದುಕೊಟ್ಟ: "ಬಲಗಾಲಿಗಂತೆ." ಮರುದಿನ ಹಳೇಬೀಡಿನಿಂದ ಪದ್ಮರಾಜರು, ತಮಗೆ ಇಂಥದ್ದರಲ್ಲಿ ನಂಬಿಕೆಯಿಲ್ಲವೆಂದು ಮೊದಲು ಫೋನಿನಲ್ಲಿ ಸ್ಪಷ್ಟಪಡಿಸಿ, ಕೊಬ್ಬರಿ ಮಿಠಾಯಿ ಕಳಿಸಿದರು. ತಮ್ಮಣ್ಣ ಎರಡನ್ನೂ ತಿಂದು ಎರಡೂ ಕಾಲನ್ನು ಜೋಡಿಸಿ ಹಾರಿ ಹತ್ತಿದರು.

ಆಮೇಲೆ ತನಿಖೆ. ಮೇಲಿನ ಕಚೇರಿಯಿಂದ ಒಬ್ಬ ಅಧಿಕಾರಿ ನಮ್ಮ ಗಣಕೀಕರಣ ನೋಡಲು ಬರುತ್ತಾರೆ ಎಂದು ಸುದ್ದಿ ಬಂತು. ಷಡಕ್ಷರಪ್ಪನವರಿಗೆ ಒಂದೇ ಯೋಚನೆ: ಬಂದವರ ಎದುರು ಒಬ್ಬ ಮನುಷ್ಯ ಕಾರಣವಿಲ್ಲದೆ ಹತ್ತಿ ಇಳಿಯುತ್ತಿದ್ದರೆ ನಮ್ಮನ್ನು ಏನೆಂದುಕೊಂಡಾರು? ತಮ್ಮಣ್ಣನಿಗೆ ಆ ದಿನ ರಜೆ ಕೊಟ್ಟು ಕಣಕಟ್ಟೆಯಲ್ಲೇ ಇರಿಸಿದರು.

"ಮತ್ತೆ ಯಂತ್ರ ಓಡೋದು ಹೇಗೆ ಸಾರ್?" ಎಂದೆ.

"ಅದನ್ನ ನನಗೆ ಬಿಡಿ."

ಅಧಿಕಾರಿ ಜೀಪಿನಿಂದ ಇಳಿದರು. ಹಾರ ಹಾಕಿ, ಷಡಕ್ಷರಪ್ಪನವರು ಅವರನ್ನು ನೇರವಾಗಿ ತೂಕದ ಹಲಗೆಯ ಹತ್ತಿರ ಕರೆತಂದರು. "ನಮ್ಮ ಸಂಘದ ಸಂಪ್ರದಾಯ ಸಾರ್. ಬಂದ ಹಿರಿಯರಿಗೆ ತುಲಾಭಾರ. ತಮ್ಮ ತೂಕದ ಕೊಬ್ಬರೀನ ಹಾಸ್ಟೆಲ್ ಮಕ್ಕಳಿಗೆ ಕೊಡ್ತೀವಿ." ಇಂಥ ಸಂಪ್ರದಾಯ ಆ ಗಳಿಗೆಯಲ್ಲಿ ಹುಟ್ಟಿತು. ಅಧಿಕಾರಿ ದಪ್ಪಗಿದ್ದರು, ಸಂಕೋಚದಿಂದ ಹತ್ತಿದರು. ಒಳಗೆ ಬಿಲ್ಲು ಬಂತು. ಅವರ ಜೊತೆ ಬಂದವರು ಪರದೆ ನೋಡಿ ತಲೆಯಾಡಿಸಿದರು. ಅಧಿಕಾರಿ ಇಳಿದರು. ಇನ್ನೊಂದು ಬಿಲ್ಲು ಬಂದು, ಪರದೆ ಮತ್ತೆ "ದಯವಿಟ್ಟು ಕಾಯಿರಿ" ಅಂದಿತು.

"ಸಾರ್, ಹಾರ ತೆಗೆದು ಇನ್ನೊಂದು ಸಲ. ಹೂವಿನ ತೂಕ ಕಳೀಬೇಕಲ್ವಾ" ಅಂದರು ಷಡಕ್ಷರಪ್ಪ. ಹತ್ತಿದರು. "ಸಾರ್, ಶೂ ಬಿಚ್ಚಿ." ಹತ್ತಿದರು. "ಸಾರ್, ಜೇಬಿನ ಫೋನು." ಹತ್ತಿದರು. "ಸಾರ್, ಸ್ವಲ್ಪ ಉಸಿರು ಬಿಟ್ಟು..."

"ಏನ್ರೀ ಇದು?" ಎಂದು ಅಧಿಕಾರಿ ಬರಿಗಾಲಿನಲ್ಲಿ ನಿಂತು ಕೇಳಿದರು. ಷಡಕ್ಷರಪ್ಪನವರು ನನ್ನ ಕಡೆ ನೋಡಿದರು. ನಾನು ತುರಿಮಣೆಯ ಉದಾಹರಣೆ ಹೇಳಿದೆ. ಅಧಿಕಾರಿಗೆ ಅರ್ಥವಾಯಿತು. ಅದೇ ಎಡವಟ್ಟಾಯಿತು. ಅರ್ಥವಾಗದಿದ್ದರೆ ಬೈದು ಹೋಗುತ್ತಿದ್ದರು. ಅರ್ಥವಾದ್ದರಿಂದ ಆದೇಶ ಬರೆದರು: ಯಂತ್ರದ ಈ ದೋಷ ಪೂರ್ತಿ ನೀಗುವವರೆಗೆ ಮಾತ್ರ ಚಾಲಕನ ಹುದ್ದೆ, ನೀಗಿದ ದಿನವೇ ಹುದ್ದೆ ರದ್ದು.

ಹಾಗಾಗಿ ನನ್ನ ಎರಡು ಸಾಲಿಗೆ ಈಗ ಬೇರೆ ಅರ್ಥ ಬಂತು. ಅವನ್ನು ಬರೆದ ದಿನ ತಮ್ಮಣ್ಣ ಯಾರ್ಡಿನಿಂದ ಆಚೆ. ನಾನು ಬರೆಯಲಿಲ್ಲ. ಯಾರೂ ಬರೆಯಿರಿ ಎನ್ನಲಿಲ್ಲ. ಒಂದು ದೋಷ ಇಷ್ಟು ನಿಷ್ಠೆಯಿಂದ ಕಾಪಾಡಲ್ಪಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ವರ್ಚುವಲ್ ಮಷೀನಿನ ಹೊಸ ಆವೃತ್ತಿ ಬಂದಾಗಲೆಲ್ಲ, ಅದರಲ್ಲಿ ಈ ದೋಷ ಅಪ್ಪಿತಪ್ಪಿ ಸರಿ ಹೋಗಿಬಿಟ್ಟಿದೆಯೇ ಎಂದು ಎದೆ ಹಿಡಿದುಕೊಂಡು ಪರೀಕ್ಷಿಸುತ್ತಿದ್ದೆ.

ಈಗ ಕೆಲಸಕ್ಕೆ ಬರುವವರು ಅದೃಷ್ಟವಂತರು. ಕೆಲವು ಭಾಷೆಗಳ ವರ್ಚುವಲ್ ಮಷೀನುಗಳಲ್ಲಿ ಆ ಒಂದೇ ಬೀಗವನ್ನು ತೆಗೆದು, ಥ್ರೆಡ್‌ಗಳು ಬೇರೆ ಬೇರೆ ಕೋರುಗಳಲ್ಲಿ ಒಟ್ಟಿಗೇ ಬೈಟ್‌ಕೋಡ್ ನಡೆಸುವ ಹಾಗೆ ಮಾಡಿದ್ದಾರೆ. ಪ್ರತಿಯೊಬ್ಬಳಿಗೂ ಒಂದು ತುರಿಮಣೆ. ಆಗ ಬೇರೆ ಪೇಚು ಶುರುವಾಗುತ್ತದೆ: ಎಲ್ಲರೂ ತುರಿದದ್ದು ಒಂದೇ ಪಾತ್ರೆಗೆ ಬೀಳಬೇಕು, ಕೈಗೆ ಕೈ ತಾಗುತ್ತದೆ, ಒಬ್ಬಳು ಹಾಕಿದ್ದನ್ನು ಇನ್ನೊಬ್ಬಳು ತೆಗೆದುಬಿಡುತ್ತಾಳೆ. ಆದ್ದರಿಂದ ಪಾತ್ರೆ ಪಾತ್ರೆಗೂ ಒಂದೊಂದು ಚಿಕ್ಕ ಬೀಗ. ದೊಡ್ಡ ಬೀಗ ಹೋದರೆ ಕಾಯುವುದು ತಪ್ಪಿತು ಎಂದುಕೊಳ್ಳಬೇಡಿ. ನಿಮ್ಮ ಕೋಡ್ ಎಲ್ಲಿ ಕಾಯುತ್ತದೆ, ಕಾಯುವಾಗ ಕೈಯಲ್ಲಿ ಏನು ಹಿಡಿದಿರುತ್ತದೆ ಎಂದು ನೋಡಿ. ಇಷ್ಟು ಕಲಿಯಲು ನನಗೆ ತಮ್ಮಣ್ಣನ ಮೊಣಕಾಲು ಬೇಕಾಯಿತು.

ಮೊಣಕಾಲಿನ ವಿಷಯ ಪುಟ್ಟಮ್ಮ ಹೇಳಿದ್ದು. ಒಂದು ಮಧ್ಯಾಹ್ನ ಕಣಕಟ್ಟೆಯ ಬಸ್ಸಿನಲ್ಲಿ ಊಟದ ಡಬ್ಬಿ ತಂದವರು ಗಂಡನಿಗೆ ಕೊಡದೆ ನೇರವಾಗಿ ನನ್ನ ಕೋಣೆಗೆ ಬಂದು ಡಬ್ಬಿಯನ್ನು ಸರ್ವರಿನ ಮೇಲಿಟ್ಟರು.

"ನೀವೇ ಏನಮ್ಮ ಈ ಮಿಶಿನ್ನು ನೋಡ್ಕಳೋರು?"

"ಹೌದು, ಕೂತ್ಕೊಳ್ಳಿ."

"ಕೂರಕ್ಕೆ ಬಂದಿಲ್ಲ. ನಮ್ಮನೆಯೋರಿಗೆ ಬಸ್ ಮೆಟ್ಲು ಹತ್ತಕಾಗಕಿಲ್ಲ. ಕಂಡಕ್ಟ್ರು ಕೈ ಹಿಡ್ದು ಎಳ್ಕಂತಾನೆ. ಮೊಣಕಾಲು ಗುಂಬಳಕಾಯಿ ಆಗೈತೆ. ಮೆಟ್ಲು ಹತ್ತಕಾಗದ ಮನುಷ್ಯಂಗೆ ಹತ್ತಿ ಇಳಿಯೋ ಕೆಲ್ಸ ಕೊಟ್ಟವ್ರಲ್ಲ, ಯಾವ ಸೀಮೆ ಬುದ್ಧಿವಂತ್ರಮ್ಮ ನೀವು?"

"ಬೇಡ ಅಂತ ಅವರೇ ಹೇಳಬಹುದಲ್ಲ?"

"ಯೋಳ್ತಾರಾ? ಊರಾಗೆಲ್ಲಾ, ನಾ ಹತ್ತಿದ್ರೆ ಹಳೇಬೀಡು ಓಡ್ತೈತೆ ಅಂತ ಯೋಳ್ಕಂಡು ತಿರುಗ್ತಾರೆ. ಕೆಲ್ಸ ಹೋದ್ರೆ ಮನುಷ್ಯ ಮುರ್ದೋಯ್ತಾರೆ. ಕೆಲ್ಸ ಇದ್ರೆ ಕಾಲು ಮುರ್ದೋಯ್ತದೆ. ಎರಡೂ ಮುರೀದಂಗೆ ಏನಾರಾ ಮಾಡಿ."

ಇಂಥ ನಿಖರವಾದ ಬೇಡಿಕೆಯನ್ನು ನನಗೆ ಯಾವ ಕಮಿಟಿಯೂ ಕೊಟ್ಟಿರಲಿಲ್ಲ.

ಪುಟ್ಟಮ್ಮ ಡಬ್ಬಿ ಬಿಟ್ಟು ಊರಿಗೆ ಹೊರಟರು. ತಮ್ಮಣ್ಣ ಅದನ್ನು ಬಿಚ್ಚಿ ಮುದ್ದೆ ಉಣ್ಣುತ್ತಿದ್ದಾಗ, ಅಂದರೆ ಮೂರೂ ಊರುಗಳು ಉಣ್ಣುತ್ತಿದ್ದಾಗ, ನಾನು ಆ ಎರಡು ಸಾಲು ಬರೆದೆ. ಬೀಗ ಬಿಡು. ಕಂಪನಿಯ ಕೋಡನ್ನು ಕರೆ. ಮತ್ತೆ ಬೀಗ ಹಿಡಿ. ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರು ಮಾಡಿದೆ. ಹಲಗೆಯ ಮೇಲೆ ನೊಣವೂ ಇರಲಿಲ್ಲ. ತೂಕದ ಥ್ರೆಡ್ ತನ್ನ ಪಾಡಿಗೆ ಕಾಯುತ್ತಿತ್ತು, ಬರಿಗೈಯಲ್ಲಿ. ಊಟ ಮುಗಿಸಿದ ಬೇಲೂರು ಬಿಲ್ಲು ಹಾಕಿತು, ಹಳೇಬೀಡು ಹಾಕಿತು, ಅರಸೀಕೆರೆಯ ಎರಡೂ ಕೌಂಟರುಗಳು ಹಾಕಿದವು. ಚೆನ್ನಾಗಿ ಓಡುತ್ತಿರುವ ಪ್ರೋಗ್ರಾಂ ನೋಡಿ ಅಷ್ಟು ಭಯವಾದದ್ದು ಅದೇ ಮೊದಲು.

ಸೆಕ್ರೆಟರಿ ಬೇಲೂರಿಗೆ ಹೋಗಿದ್ದರು. ನನ್ನ ಉಪಾಯ ಸರಳವಾಗಿತ್ತು: ಯಾರಿಗೂ ಹೇಳುವುದು ಬೇಡ, ತಮ್ಮಣ್ಣ ಹಲಗೆಯ ಮೇಲೆ ಒಂದು ಕುರ್ಚಿ ಹಾಕಿಕೊಂಡು ಕೂತಿರಲಿ, ಹುದ್ದೆಯೂ ಇರುತ್ತದೆ, ಕಾಲೂ ಉಳಿಯುತ್ತದೆ. ಕೈ ತೊಳೆದುಕೊಂಡು ಬಂದ ತಮ್ಮಣ್ಣನಿಗೆ ಎರಡು ಸಾಲಿನ ವಿಷಯ, ಈ ಉಪಾಯ ಎರಡನ್ನೂ ಮೆಲ್ಲಗೆ ಹೇಳಿದೆ.

ಅವರು ಒರೆಸಿಕೊಳ್ಳುತ್ತಿದ್ದ ಕೈ ಹಾಗೇ ನಿಂತಿತು.

"ಇವಾಗ ಹಳೇಬೀಡು ಓಡ್ತೈತಾ?"

"ಓಡ್ತಿದೆ."

"ನಾ ಇಲ್ಲಿ ನಿಂತಿವ್ನಿ."

"ಅದಕ್ಕೇ ಹೇಳಿದ್ದು. ಇನ್ನು ನೀವು ಹತ್ತೋದು ಬೇಡ."

"ಹಂಗಾರೆ ಅದು ಯಾರ ಕಾಲ್ ಮ್ಯಾಲೆ ಓಡ್ತೈತೆ?"

"ಯಾರ ಕಾಲ ಮೇಲೂ ಅಲ್ಲ ತಮ್ಮಣ್ಣ."

ಅವರು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತರು. ಒಳಗೆ ಬರುತ್ತಿದ್ದ ಬಿಲ್ಲುಗಳನ್ನು ಬೆರಳಿನಲ್ಲಿ ಎಣಿಸಿದರು. ಎಣಿಸಿದರು ಎಂದೆ. ಬಿಲ್ಲುಗಳು ಬರುತ್ತಲೇ ಇದ್ದ ಸದ್ದಿನಿಂದ ನನಗೆ ಹಾಗನ್ನಿಸಿರಬಹುದು.

"ಸೆಕ್ರೆಟ್ರಿ ಸಾಹೇಬ್ರು ಬರ್ಲಿ" ಎಂದರು ಕೊನೆಗೆ. "ಸರಿ ಹೋಯ್ತು ಅಂತ ನಾನೇ ಯೋಳ್ಬುಟ್ಟು ಊರಿಗೋಯ್ತೀನಿ."

"ಯಾಕೆ ಹೇಳ್ಬೇಕು? ನನಗೆ ಗೊತ್ತು, ನಿಮಗೆ ಗೊತ್ತು, ಅಷ್ಟೇ ಸಾಕು."

"ನಾನು ಹಮಾಲಿ ಕಣಮ್ಮ. ಚೀಲ ಇಲ್ದಿದ್ರೂ ಬೆನ್ನು ಬಗ್ಸ್ಕಂಡು ನಡೆಯೋನಲ್ಲ. ಕುರ್ಚಿ ಮ್ಯಾಲೆ ಕುಂತ್ಕಂಡು ಓಡ್ಸ್ತಿವ್ನಿ ಅಂತ ಪುಟ್ಟಮ್ಮಂಗೆ ಎಂಗ್ ಯೋಳ್ಲಿ?"

ಪುಟ್ಟಮ್ಮನೇ ಕೇಳಿಕೊಂಡದ್ದು ಎಂದು ಹೇಳುವ ಹಾಗಿರಲಿಲ್ಲ. ಷಡಕ್ಷರಪ್ಪನವರ ಸ್ಕೂಟರು ಯಾವ ಗಳಿಗೆಯಲ್ಲಾದರೂ ಗೇಟಿನೊಳಗೆ ಬರಬಹುದಿತ್ತು. ನನ್ನ ವೃತ್ತಿ ಜೀವನದಲ್ಲಿ ನಾನು ಬರೆದ ಅತ್ಯಂತ ಶುದ್ಧವಾದ ಕೋಡು ಒಬ್ಬ ಮನುಷ್ಯನನ್ನು ಬೆಂಚಿನ ಮೇಲೆ ಕೂರಿಸಿತ್ತು. ಆ ಎರಡು ಸಾಲು ಅಳಿಸಿಹಾಕಿದರೆ ಅವರು ಮತ್ತೆ ಹತ್ತುತ್ತಾರೆ, ಮೊ‌ಣಕಾಲು ಹೋಗುತ್ತದೆ. ಬಿಟ್ಟರೆ ಅವರು ಎದ್ದು ಹೋಗುತ್ತಾರೆ.

ಆಗ ಫೋನು ಬಂತು.

"ಮೇಡಂ, ತಮಗೆ ತೊಂದರೆ ಕೊಡುತ್ತಿದ್ದೇನೆ" ಎಂದರು ಪದ್ಮರಾಜ. ಅಷ್ಟು ಮರ್ಯಾದೆ ಕೇಳಿಯೇ ಗೊತ್ತಾಯಿತು, ಬಹಳ ಸಿಟ್ಟಾಗಿದ್ದಾರೆ. "ಪೂರ್ತಿ ನಿಂತಿದೆ. ತಮ್ಮಣ್ಣನವರು ಎಲ್ಲಿ? ದಯಮಾಡಿ ಹತ್ತಿಸಿ."

ನನ್ನ ಪರದೆಯಲ್ಲಿ ಕಾರಣ ಕಾಣುತ್ತಿತ್ತು. ಬೇಲೂರು ಓಡುತ್ತಿತ್ತು, ಅರಸೀಕೆರೆ ಓಡುತ್ತಿತ್ತು. ಹಳೇಬೀಡಿನ ಸಂಪರ್ಕ ಮಾತ್ರ ಕಡಿದಿತ್ತು. ಅವರ ಶಾಖೆಯಲ್ಲಿ ಗೋಡೆಯ ಮೇಲಿನ ನೆಟ್‌ವರ್ಕ್ ಪೆಟ್ಟಿಗೆಯ ವೈರು ಆಗಾಗ ಸಡಿಲವಾಗುತ್ತಿತ್ತು.

"ಗೋಡೆ ಮೇಲಿನ ವೈರು ಸ್ವಲ್ಪ ಒತ್ತಿ ನೋಡಿ" ಎಂದೆ.

"ಏನಂತೆ?" ಎಂದರು ತಮ್ಮಣ್ಣ ಬೆಂಚಿನಿಂದ.

"ಹಳೇಬೀಡು ನಿಂತಿದೆ ಅಂತೆ."

ಅಷ್ಟೇ ಹೇಳಿದೆ. ಅದು ಸುಳ್ಳಲ್ಲ. ತಮ್ಮಣ್ಣ ಎದ್ದರು. ಮೊಣಕಾಲು ಹಿಡಿದುಕೊಂಡು ಕುಂಟುತ್ತಾ ಯಾರ್ಡಿಗೆ ಹೋಗಿ, ಹಲಗೆಯ ಮುಂದೆ ನಿಂತು, ಎಡಗಾಲು ಎತ್ತಿಟ್ಟು ಹತ್ತಿದರು. ಫೋನಿನಲ್ಲಿ ಪದ್ಮರಾಜರು ಕುರ್ಚಿ ಎಳೆಯುವ ಸದ್ದು. ತಮ್ಮಣ್ಣ ಇಳಿದು ಮತ್ತೆ ಎಡಗಾಲಿಟ್ಟು ಹತ್ತಿದರು.

"ಬಂತು!" ಅಂದಿತು ಹಳೇಬೀಡು.

ವೈರು ಒತ್ತಿದ್ದು, ಅವರು ಹತ್ತಿದ್ದು ಒಂದೇ ಕ್ಷಣದಲ್ಲೋ, ಅಥವಾ ನಡುವೆ ಇದ್ದ ಅಂತರವನ್ನು ನನ್ನ ನೆನಪು ಉಜ್ಜಿ ಹಾಕಿದೆಯೋ, ಆಣೆ ಮಾಡಿ ಹೇಳಲಾರೆ. ತಮ್ಮಣ್ಣ ಹಲಗೆಯ ಮೇಲಿಂದಲೇ ಕಿಟಕಿಯತ್ತ ನೋಡಿ ಕೂಗಿದರು:

"ಬಂತಾ?"

"ಬಂತು."

"ನೋಡುದ್ರಾ? ನಿಮ್ಮೆಲ್ಡು ಸಾಲು ಸಾಕಾಗಕಿಲ್ಲ."

ನಾನು ಕಿಟಕಿಯ ಹತ್ತಿರ ಹೋದೆ. "ಹೌದು ತಮ್ಮಣ್ಣ. ಅರ್ಧ ಸರಿ ಹೋಗಿದೆ ಅಂತ ಕಾಣುತ್ತೆ. ಇನ್ನು ದಿನವೆಲ್ಲ ಹತ್ತೋದು ಬೇಡ. ಫೋನು ಬಂದಾಗ ಮಾತ್ರ ಹತ್ತಿದರೆ ಸಾಕು."

"ಫೋನು ಬಂದಾಗ ಮಾತ್ರವಾ?"

"ಮಾತ್ರ."

ಅವರು ಒಂದು ಸಲ ಮೊಣಕಾಲು ಸವರಿಕೊಂಡರು. ಸ್ಕೂಟರಿನ ಸದ್ದಾಯಿತು, ಷಡಕ್ಷರಪ್ಪನವರು ಗೇಟಿನೊಳಗೆ ಬಂದು, ಹಲಗೆಯ ಮೇಲೆ ಸುಮ್ಮನೆ ನಿಂತಿದ್ದ ಚಾಲಕನನ್ನೂ ಒಳಗೆ ಬರುತ್ತಿದ್ದ ಬಿಲ್ಲುಗಳ ಸದ್ದನ್ನೂ ಗಮನಿಸಿ ಸ್ಕೂಟರು ನಿಲ್ಲಿಸಿದರು.

"ಏನ್ ತಮ್ಮಣ್ಣ, ನಿಂತ್ಬಿಟ್ಟಿದೀರಿ? ಯಂತ್ರ ಸರಿ ಹೋಯ್ತಾ?"

ತಮ್ಮಣ್ಣ ಹಲಗೆಯಿಂದ ನಿಧಾನವಾಗಿ ಇಳಿದರು. ಟವಲು ಕೊಡವಿ ಹೆಗಲಿಗೆ ಹಾಕಿಕೊಂಡರು.

"ಅರ್ಧ ಮೇಡಮ್ಮೋರು ಸರಿ ಮಾಡವ್ರೆ ಸಾರ್" ಎಂದರು. "ಇನ್ನರ್ಧ ನಾನ್ ನೋಡ್ಕತೀನಿ."